ನರ್ಸಮ್ಮನಿಗಿರುವ ನಿಯಮ ಮಂತ್ರಿಗೂ ಇರಲಿ: ಪ್ರಧಾನಮಂತ್ರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಧಾನಮಂತ್ರಿಗಳಿಗೆ,

ನಮಸ್ಕಾರಗಳು.

ನಾನು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನವನು. 31 ವರ್ಷ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಈಗ ನಿವೃತ್ತ. ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮಗೆ ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಇದ್ದೇ ಇರುತ್ತಾರೆ ಎಂಬ ನಂಬಿಕೆ ನನಗಿದೆ. ನಮ್ಮ ಕಡೆಯ ಜನರೂ ಇದನ್ನು ಓದಲಿ ಎಂಬ ಆಸೆಯೂ ಇದೆ.

ವಿಷಯ ಪದ್ಮ ಪ್ರಶಸ್ತಿ ಮತ್ತು ಭಾರತ ರತ್ನದ್ದು. ಅವನ್ನು ರಾಜಕಾರಣಿಗಳಿಗೆ ಕೊಡುವ ರೀತಿಯದ್ದು. ಆದರೆ ಮೊದಲು ನಮ್ಮ ನರ್ಸಮ್ಮನ ವಿಷಯ ಹೇಳಬೇಕು. ಅಲ್ಲಿಂದಲೇ ಇದೆಲ್ಲ ಶುರುವಾದದ್ದು.

ಸರ್ಕಾರಿ ಕಾಗದದಲ್ಲಿ ಅವರ ಹುದ್ದೆಯ ಹೆಸರು ಬದಲಾಗುತ್ತಾ ಬಂದಿದೆ. ನಮಗೆ ಮಾತ್ರ ಮೊದಲಿನಿಂದಲೂ ಸಿಸ್ಟರೇ. ಘಟ್ಟದ ಬುಡದ ಐದಾರು ಮಜರೆಗಳು ಅವರ ಪಾಲಿಗೆ. ಗುರುವಾರ ಬಂತೆಂದರೆ ಹೆಗಲಿಗೆ ಲಸಿಕೆಯ ಡಬ್ಬಿ ಹಾಕಿಕೊಂಡು ಹೊರಡುತ್ತಾರೆ. ಮಳೆಗಾಲದಲ್ಲಿ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಅದು ತೇಲಿ ಹೋದರೆ ಮೂರು ಮೈಲಿ ಸುತ್ತು. 26 ವರ್ಷದಿಂದ ಇದೇ ಕೆಲಸ. ಒಂದು ಜುಲೈ ರಾತ್ರಿ ಗರ್ಭಿಣಿಯೊಬ್ಬಳನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತು ತರುತ್ತಿದ್ದರು. ಸಂಕದ ಹತ್ತಿರ ಬರುವಾಗಲೇ ನೋವು ಜೋರಾಯಿತು. ಸಿಸ್ಟರ್ ಇಬ್ಬರು ಗಂಡಸರ ಕೈಯಲ್ಲಿ ತಾಡಪಾಲು ಎತ್ತಿ ಹಿಡಿಸಿದರು, ಬೆನ್ನು ತಿರುಗಿಸಿ ನಿಲ್ಲಲು ಹೇಳಿದರು. ಟಾರ್ಚ್ ಬೆಳಕಿನಲ್ಲಿ ಅಲ್ಲೇ ಹೆರಿಗೆ ಮಾಡಿಸಿದರು. ಹುಟ್ಟಿದ ಮಗುವನ್ನು ತಮ್ಮ ಸ್ವೆಟರಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹಳ್ಳ ದಾಟಿದರು. ಆ ಹುಡುಗಿ ಈಗ ಒಂಬತ್ತನೇ ಕ್ಲಾಸು. ನಾನು ಕಲಿಸಿದ ಶಾಲೆಯಲ್ಲೇ ಓದುತ್ತಿದ್ದಾಳೆ.

ಕಳೆದ ವರ್ಷ ಇವರ ಹೆಸರನ್ನು ಪದ್ಮಶ್ರೀಗೆ ಕಳಿಸೋಣ ಅಂದುಕೊಂಡೆ. ಯಾವ ಪ್ರಜೆ ಬೇಕಾದರೂ ಯಾರ ಹೆಸರನ್ನು ಬೇಕಾದರೂ ಆನ್‌ಲೈನಿನಲ್ಲಿ ಸೂಚಿಸಬಹುದು. ಇದು ನಿಮ್ಮ ಸರ್ಕಾರ ಮಾಡಿದ ಬದಲಾವಣೆ. ಮನಸಾರೆ ಹೇಳುತ್ತೇನೆ, ಒಳ್ಳೆಯ ಕೆಲಸ. ಸಾಧನೆಯನ್ನು 800 ಪದಗಳ ಒಳಗೆ ಬರೆಯಬೇಕು. ಎಂಟು ದಿನ ಕೂತು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಹಾಳೆ ಹಿಡಿದುಕೊಂಡು ಪೇಟೆಯ ಕಂಪ್ಯೂಟರ್ ಸೆಂಟರಿಗೆ ಹೋದೆ. ಅಲ್ಲಿನ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಫಾರಂ ತುಂಬುವ ಮೊದಲು ನಿಯಮ ಓದಿದ. ಓದಿ ಸುಮ್ಮನೆ ಕೂತ.

"ಸರ್, ಇದು ಆಗೋದಿಲ್ಲ. ಸರ್ಕಾರಿ ನೌಕರರಿಗೆ ಕೊಡೋ ಹಾಗಿಲ್ಲ ಅಂತಿದೆ. ಡಾಕ್ಟರಿಗೆ, ವಿಜ್ಞಾನಿಗೆ ಮಾತ್ರ ವಿನಾಯಿತಿ."

ಡಾಕ್ಟರಿಗೆ ಇದೆ, ನರ್ಸಿಗೆ ಇಲ್ಲ. ಸಾರ್ವಜನಿಕ ಉದ್ದಿಮೆಗಳಲ್ಲಿ ಕೆಲಸ ಮಾಡುವವರಿಗೂ ಇಲ್ಲ.

ಹುಡುಗ ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಸರ್, ಮಂತ್ರಿಗಳು ಸರ್ಕಾರದ ಸಂಬಳ ತಗೊಳ್ಳೋದಿಲ್ವಾ? ಅವರಿಗೆ ಹೇಗೆ ಕೊಡ್ತಾರೆ?"

ಅವನಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಪದ್ಮ ಪ್ರಶಸ್ತಿ ಸಮಿತಿಯನ್ನು ಪ್ರತಿ ವರ್ಷ ರಚಿಸುವವರು ನೀವು. ಭಾರತ ರತ್ನಕ್ಕಂತೂ ಸಮಿತಿಯೂ ಇಲ್ಲ. ಪ್ರಧಾನಿಯೇ ನೇರವಾಗಿ ರಾಷ್ಟ್ರಪತಿಯವರಿಗೆ ಶಿಫಾರಸು ಮಾಡುತ್ತಾರೆ. ಹಾಗಾಗಿ ಉತ್ತರ ಕೊಡಬೇಕಾದವರು ನೀವೇ.

ನೌಕರರಿಗೆ ಕೊಡಬಾರದು ಎಂಬ ನಿಯಮ ನನಗೆ ತಪ್ಪು ಅನಿಸುವುದಿಲ್ಲ. ಸರ್ವಿಸಿನಲ್ಲಿ ಇರುವವನಿಗೆ ಸರ್ಕಾರವೇ ಧಣಿ. ಧಣಿ ತನ್ನ ಆಳಿಗೆ ಪದಕ ಹಾಕಿದರೆ ಅದು ಸಾಧನೆಗೆ ಹಾಕಿದ್ದೋ, ಹೇಳಿದ ಹಾಗೆ ಕೇಳಿದ್ದಕ್ಕೆ ಹಾಕಿದ್ದೋ, ಯಾರಿಗೆ ಗೊತ್ತಾಗುತ್ತದೆ? ಕೆಲಸ ಮುಗಿಯಲಿ, ಕುರ್ಚಿ ಬಿಡಲಿ, ಆಮೇಲೆ ನೋಡೋಣ ಎನ್ನುವುದು ನ್ಯಾಯವಾದ ಮಾತು. ನರ್ಸಮ್ಮನಿಗೆ ನಾನು ಇದನ್ನೇ ಹೇಳಿದೆ. ಅವರು ನಕ್ಕು, "ನಂಗೆ ಅದೆಲ್ಲ ಬೇಡ ಮಾಸ್ತರೇ, ಆ ಸಂಕಕ್ಕೊಂದು ಸಿಮೆಂಟು ಹಾಕಿಸಿ ಕೊಡಿ ಸಾಕು" ಅಂದರು.

ಆದರೆ ಅದೇ ನ್ಯಾಯ ಮಂತ್ರಿಗೆ ಯಾಕಿಲ್ಲ? ಮುಖ್ಯಮಂತ್ರಿ ಕೂಡ ಕಾನೂನಿನ ಕಣ್ಣಿನಲ್ಲಿ ಲೋಕಸೇವಕನೇ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ಕರುಣಾನಿಧಿ ಅವರ ಪ್ರಕರಣದಲ್ಲಿ ಹೇಳಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ ಸಂಸದರೂ ಲೋಕಸೇವಕರೇ ಎಂದು 1998ರಲ್ಲಿ ಹೇಳಿದೆ. ಸಂಬಳ ಬರುವುದು ಜನರ ತೆರಿಗೆಯ ದುಡ್ಡಿನಿಂದಲೇ. ನರ್ಸಮ್ಮನಿಗೂ ಅಲ್ಲಿಂದಲೇ. ಹಾಗಿದ್ದರೂ 2015ರಲ್ಲಿ ಪ್ರಕಾಶ್ ಸಿಂಗ್ ಬಾದಲ್ ಅವರಿಗೆ ಪದ್ಮವಿಭೂಷಣ ಬಂದಾಗ ಅವರು ಪಂಜಾಬಿನ ಮುಖ್ಯಮಂತ್ರಿ. ಹಾಲಿ ಮುಖ್ಯಮಂತ್ರಿ! ಐದು ವರ್ಷ ಕಳೆದು, ರೈತರ ಚಳವಳಿಯ ಹೊತ್ತಿನಲ್ಲಿ, 2020ರ ಡಿಸೆಂಬರಿನಲ್ಲಿ ಅವರು ಅದನ್ನು ವಾಪಸ್ ಮಾಡಿದರು. ರಾಜಕೀಯದ ನಡುವೆ ಬಂದದ್ದು ರಾಜಕೀಯದ ನಡುವೆಯೇ ಹೋಯಿತು. 2017ರಲ್ಲಿ ಶರದ್ ಪವಾರ್, ಮುರಳಿ ಮನೋಹರ ಜೋಶಿ ಇಬ್ಬರಿಗೂ ಪದ್ಮವಿಭೂಷಣ. ಇಬ್ಬರೂ ಆಗ ಹಾಲಿ ಸಂಸದರು.

ಇದು ನಿಮ್ಮ ಕಾಲದಲ್ಲಿ ಶುರುವಾದದ್ದಲ್ಲ. ಅದನ್ನೂ ಹೇಳಬೇಕು. 1955ರಲ್ಲಿ ಭಾರತ ರತ್ನ ಪಡೆದಾಗ ನೆಹರೂ ಪ್ರಧಾನಿ. ತಾವಾಗಿಯೇ ಕೊಟ್ಟದ್ದು, ಪ್ರಧಾನಿಯ ಸಲಹೆ ಇರಲಿಲ್ಲ ಎಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಆಗ ಹೇಳಿದ್ದರು. 1957ರಲ್ಲಿ ಗೋವಿಂದ ವಲ್ಲಭ ಪಂತ್, ಕೇಂದ್ರ ಗೃಹಮಂತ್ರಿ. 1961ರಲ್ಲಿ ಬಿ.ಸಿ. ರಾಯ್, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ. 1971ರಲ್ಲಿ ಇಂದಿರಾ ಗಾಂಧಿ, ಪ್ರಧಾನಿ. ಇವರೆಲ್ಲ ಸಣ್ಣವರಲ್ಲ. ದೇಶ ಕಟ್ಟಿದವರು. ಆದರೆ ಕೊಡುವ ಮನೆಯೂ ಅದೇ, ತೆಗೆದುಕೊಳ್ಳುವ ಮನೆಯೂ ಅದೇ ಆದಾಗ ಎಂಥ ದೊಡ್ಡವರ ಹೆಸರಿಗೂ ಒಂದು ಕಲೆ ಅಂಟುತ್ತದೆ. ಮೌಲಾನಾ ಆಜಾದರು ಇದನ್ನು ಆಗಲೇ ಕಂಡಿದ್ದರು. ಆಯ್ಕೆ ಮಾಡುವ ಜಾಗದಲ್ಲಿ ಇರುವವರು ತಾವೇ ತೆಗೆದುಕೊಳ್ಳಬಾರದು ಎಂದು ಬದುಕಿದ್ದಾಗ ಬೇಡ ಅಂದರು. ಅವರಿಗೆ ಭಾರತ ರತ್ನ ಬಂದದ್ದು 1992ರಲ್ಲಿ, ತೀರಿಕೊಂಡು 34 ವರ್ಷದ ಮೇಲೆ. ಆ ಪ್ರಶಸ್ತಿಯ ಬಗ್ಗೆ ಯಾರಾದರೂ ಅನುಮಾನ ಪಟ್ಟರಾ? ಇಲ್ಲ.

ನಮ್ಮ ತುಳಸಜ್ಜಿಯ ವಿಷಯಕ್ಕೆ ಬರುತ್ತೇನೆ. ಹೊನ್ನಳ್ಳಿಯ ತುಳಸಿ ಗೌಡ ನಮ್ಮ ತಾಲ್ಲೂಕಿನವರೇ. ಹಾಲಕ್ಕಿ ಒಕ್ಕಲಿಗರ ಹೆಣ್ಣುಮಗಳು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ಜೀವನವಿಡೀ ಸಸಿ ಬೆಳೆಸಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ತಾಯಿಮರ ಯಾವುದು, ಎಲ್ಲ ಅವರ ಬೆರಳ ತುದಿಯಲ್ಲಿತ್ತು. 2020ರ ಪಟ್ಟಿಯಲ್ಲಿ ಬಂದ ಪದ್ಮಶ್ರೀ ತೆಗೆದುಕೊಳ್ಳಲು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋದರು. ಕೊರಳ ತುಂಬ ಮಣಿಸರ, ಹಾಲಕ್ಕಿ ಉಡುಗೆ. ನೀವು ಅವರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ ಫೋಟೋ ನಮ್ಮ ಕಡೆಯ ಎಲ್ಲರ ಮೊಬೈಲಿಗೂ ಬಂತು. ನಮ್ಮ ಮನೆಯಾಕೆ ಅದನ್ನು ನೋಡಿ ಕಣ್ಣೊರೆಸಿಕೊಂಡಳು. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ ಅವರಿಗೂ ಅದೇ ಸಾಲಿನ ಪದ್ಮಶ್ರೀ. ಅವರೂ ಬರಿಗಾಲಲ್ಲೇ ಹೋಗಿ ತೆಗೆದುಕೊಂಡರು. ಆ ಹೊತ್ತು ನಮಗೆ ದೆಹಲಿ ಹತ್ತಿರ ಅನಿಸಿತ್ತು.

ಆಮೇಲೆ ಅದೇ 2020ರ ಪಟ್ಟಿಯನ್ನು ಪೂರ್ತಿ ಓದಿದೆ. ಎಲ್ಲಕ್ಕಿಂತ ಮೇಲಿನ ಪದ್ಮವಿಭೂಷಣ ಆ ವರ್ಷ ಏಳು ಜನರಿಗೆ. ಅವರಲ್ಲಿ ನಾಲ್ವರು ರಾಜಕಾರಣಿಗಳು: ಜಾರ್ಜ್ ಫರ್ನಾಂಡಿಸ್, ಅರುಣ್ ಜೇಟ್ಲಿ, ಸುಷ್ಮಾ ಸ್ವರಾಜ್, ಮಾರಿಷಸ್‌ನ ಅನಿರುದ್ಧ ಜಗನ್ನಾಥ್. ಫರ್ನಾಂಡಿಸ್ ನಮ್ಮ ಕರಾವಳಿಯವರು, ನನಗೆ ಬಹಳ ಇಷ್ಟದ ಮನುಷ್ಯ. ಸುಷ್ಮಾ ಅವರೂ ಅಷ್ಟೇ. ಅವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನಗೆ ನೋವಾಗುವುದು ಮೆಟ್ಟಿಲಿನ ವಿಷಯ. ಅಧಿಕಾರದಲ್ಲಿ ಇದ್ದವರು ಮೇಲಿನ ಮೆಟ್ಟಿಲಲ್ಲಿ, ಬರಿಗಾಲಲ್ಲಿ ಬಂದವರು ಯಾವಾಗಲೂ ಕೆಳಗಿನ ಮೆಟ್ಟಿಲಲ್ಲಿ. ಹುಲಿಕಲ್-ಕುದೂರು ರಸ್ತೆಯಲ್ಲಿ ಸಾಲುಮರ ಬೆಳೆಸಿದ ತಿಮ್ಮಕ್ಕನಿಗೂ ಪದ್ಮಶ್ರೀಯೇ. ಸಾವಿರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನಿಗೂ ಪದ್ಮಶ್ರೀಯೇ. ತುಳಸಜ್ಜಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಮೇಲಿನ ಮೆಟ್ಟಿಲು ಹತ್ತಲೇ ಇಲ್ಲ. ಮಂತ್ರಿಯಾಗಿದ್ದವರಿಗೆ ಪದ್ಮಶ್ರೀ ಕೊಟ್ಟರೆ ಸಣ್ಣದಾಗುತ್ತದೆ ಎಂಬ ಲೆಕ್ಕವೇನಾದರೂ ಇದೆಯಾ? ಇದ್ದರೆ ದಯವಿಟ್ಟು ಅದನ್ನು ಬಿಡಿಸಿ.

ಹೊತ್ತಿನ ವಿಷಯವೂ ಇದೆ. ನನ್ನನ್ನು ಜಾಸ್ತಿ ಕಾಡುವುದು ಇದೇ.

ಕರ್ಪೂರಿ ಠಾಕೂರ್ ಬಿಹಾರದ ಮುಖ್ಯಮಂತ್ರಿಯಾಗಿದ್ದವರು. ಕ್ಷೌರಿಕ ಕುಟುಂಬದಿಂದ ಬಂದು, 1978ರಲ್ಲೇ ಹಿಂದುಳಿದವರಿಗೆ ಮೀಸಲಾತಿ ತಂದವರು. 1988ರಲ್ಲಿ ತೀರಿಕೊಂಡರು. ಅವರಿಗೆ ಭಾರತ ರತ್ನ ಬಂದದ್ದು ಸರಿ. ತಡವಾಗಿಯಾದರೂ ಸರಿ. ಆದರೆ ಘೋಷಣೆ ಆದದ್ದು 2024ರ ಜನವರಿ 23ಕ್ಕೆ, ಲೋಕಸಭೆ ಚುನಾವಣೆ ಬಾಗಿಲಲ್ಲಿ ಇದ್ದಾಗ. ಐದು ದಿನಕ್ಕೆ ಬಿಹಾರದ ಮುಖ್ಯಮಂತ್ರಿ ಮೈತ್ರಿಕೂಟ ಬದಲಾಯಿಸಿದರು. ಫೆಬ್ರವರಿ 9ಕ್ಕೆ ಚರಣ್ ಸಿಂಗ್ ಅವರ ಹೆಸರು ಬಂತು. ಅವರ ಮೊಮ್ಮಗನ ಪಕ್ಷವೂ ನಿಮ್ಮ ಕೂಟಕ್ಕೆ ಸೇರಿತು. ಒಂದಕ್ಕೆ ಇನ್ನೊಂದು ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಆಗ ಜನ ಮಾತಾಡಿದ್ದು ಏನು? ಕರ್ಪೂರಿ ಠಾಕೂರ್ ಏನು ಮಾಡಿದರು ಎಂದಲ್ಲ. ಎಷ್ಟು ಸೀಟು ಬರಬಹುದು ಎಂದು. ಬದುಕಿಡೀ ನೇರವಾಗಿ ನಡೆದ ಒಬ್ಬ ಮನುಷ್ಯನಿಗೆ ಇದಕ್ಕಿಂತ ಅನ್ಯಾಯ ಬೇಕಾ? ವರ್ಷಕ್ಕೆ ಮೂರೇ ಎಂಬ ಮಿತಿಯ ಭಾರತ ರತ್ನ ಆ ವರ್ಷ ಐದಾಯಿತು. ಐವರಲ್ಲಿ ನಾಲ್ವರು ರಾಜಕಾರಣಿಗಳು. ಐದನೆಯವರು ಎಂ.ಎಸ್. ಸ್ವಾಮಿನಾಥನ್. ಅನ್ನದ ಕೊರತೆ ನೀಗಿಸಲು ದುಡಿದ ಆ ವಿಜ್ಞಾನಿಯ ಹೆಸರೂ ಸೀಟಿನ ಲೆಕ್ಕದ ಗಲಾಟೆಯಲ್ಲಿ ಮುಳುಗಿತು.

ಕಾಂಗ್ರೆಸ್ ಕಾಲದಲ್ಲೂ ಹೀಗೇ ನಡೆದಿದೆ. ಎಂ.ಜಿ.ಆರ್. ಅವರಿಗೆ 1988ರಲ್ಲಿ ಭಾರತ ರತ್ನ, 1989ರ ಜನವರಿಯಲ್ಲಿ ತಮಿಳುನಾಡಿನ ಚುನಾವಣೆ. ಅದರ ಮಾತು ಇವತ್ತಿಗೂ ನಿಂತಿಲ್ಲ.

ನಮ್ಮ ಎಸ್.ಎಂ. ಕೃಷ್ಣ ಅವರನ್ನೇ ನೋಡಿ. ಅವರ ಕಾಲದಲ್ಲಿ, 2002ರಲ್ಲಿ, ಅಕ್ಷರ ದಾಸೋಹ ಶುರುವಾಯಿತು. ಬಿಸಿಯೂಟ ಬರುವ ಮುಂಚೆ ಮಧ್ಯಾಹ್ನ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ. ಊಟ ಬಂದ ಮೇಲೆ ಅದೇ ಮಕ್ಕಳು ಕೊನೆಯ ಪೀರಿಯಡ್ಡಿನಲ್ಲೂ ಕೈ ಎತ್ತುತ್ತಿದ್ದವು. ಅದಕ್ಕಾಗಿ ಕೃಷ್ಣ ಅವರಿಗೆ ಏನು ಕೊಟ್ಟರೂ ನಾನು ಚಪ್ಪಾಳೆ ತಟ್ಟುತ್ತೇನೆ. ಆದರೆ ಅವರ ಪದ್ಮವಿಭೂಷಣ ಬಂದದ್ದು 2023ರ ಜನವರಿಯಲ್ಲಿ, ರಾಜಕೀಯ ಸಾಕು ಎಂದು ಅವರು ಹೇಳಿದ ತಿಂಗಳಲ್ಲೇ. ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ. ಮತ್ತೆ ಅದೇ ಮಾತು, ಅದೇ ಲೆಕ್ಕ. ಬಿಸಿಯೂಟದ ಸುದ್ದಿ ಯಾರೂ ಎತ್ತಲಿಲ್ಲ.

ಸರ್, ರಾವ್‌ಬಹಾದ್ದೂರ್ ಬಿರುದುಗಳಿಂದ ನಾವು ಬಿಡಿಸಿಕೊಂಡು ಬಂದವರು. ಬ್ರಿಟಿಷರು ತಮಗೆ ಬೇಕಾದವರಿಗೆ ಅವನ್ನು ಹಂಚುತ್ತಿದ್ದರು. ಯೋಗ್ಯರಿಗೂ ಕೊಟ್ಟರು, ಇಲ್ಲ ಅನ್ನುವುದಿಲ್ಲ. ನಮ್ಮ ವಿಶ್ವೇಶ್ವರಯ್ಯ 'ಸರ್ ಎಂ.ವಿ.' ಆದದ್ದು 1915ರಲ್ಲಿ. ಅದೇ ವರ್ಷ ರವೀಂದ್ರನಾಥ ಠಾಕೂರರೂ 'ಸರ್' ಆದರು. ನಾಲ್ಕೇ ವರ್ಷಕ್ಕೆ, ಜಲಿಯನ್‌ವಾಲಾ ಬಾಗ್ ಆದ ಮೇಲೆ, ಅದನ್ನು ತಿರುಗಿಸಿ ಕೊಟ್ಟರು. ಬ್ರಿಟನ್ನಿನಲ್ಲಿ ಇವತ್ತಿಗೂ ಈ ಜಗಳ ಮುಗಿದಿಲ್ಲ. 1922ರಲ್ಲಿ ಲಾಯ್ಡ್ ಜಾರ್ಜ್ ಕಾಲದಲ್ಲಿ ಬಿರುದುಗಳು ದುಡ್ಡಿಗೆ ಮಾರಾಟವಾಗಿ, 1925ರಲ್ಲಿ ಅದನ್ನು ತಡೆಯಲೆಂದೇ ಕಾಯ್ದೆ ಮಾಡಬೇಕಾಯಿತು. 2022ರಲ್ಲಿ ಟೋನಿ ಬ್ಲೇರ್ 'ಸರ್' ಆದಾಗ ಬೇಡ ಎಂದು ಹತ್ತು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ನಮ್ಮ ಹಿರಿಯರು ಇದನ್ನೆಲ್ಲ ಯೋಚಿಸಿಯೇ ಸಂವಿಧಾನದ 18ನೇ ವಿಧಿ ಬರೆದರು. ಸರ್ಕಾರ ಯಾರಿಗೂ ಬಿರುದು ಕೊಡಬಾರದು. ಸೇನೆಯದ್ದು, ವಿದ್ಯೆಯದ್ದು ಮಾತ್ರ ಬೇರೆ. 1969ರಲ್ಲಿ ಆಚಾರ್ಯ ಕೃಪಲಾನಿಯವರು ಈ ಪ್ರಶಸ್ತಿಗಳನ್ನೇ ತೆಗೆಯಿರಿ ಎಂದು ಲೋಕಸಭೆಯಲ್ಲಿ ಮಸೂದೆ ತಂದರು, ಸೋತರು. 1977ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ನಿಲ್ಲಿಸಿತು, 1980ರಲ್ಲಿ ಮತ್ತೆ ಶುರುವಾಯಿತು. 1995ರಲ್ಲಿ ಸುಪ್ರೀಂ ಕೋರ್ಟು, ಇವು ಬಿರುದಲ್ಲ, ಹಾಗಾಗಿ ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವಂತಿಲ್ಲ ಎಂದಿತು.

ಪ್ರಶಸ್ತಿ ತೆಗೆದು ಹಾಕಿ ಎಂದು ನಾನು ಕೇಳುವುದಿಲ್ಲ. ಬರಿಗಾಲಿನವರಿಗೆ ರಾಷ್ಟ್ರಪತಿ ಭವನದ ಬಾಗಿಲು ತೆರೆಯುವುದು ಇದೊಂದೇ ದಾರಿಯಲ್ಲಿ. ಪದ್ಮ ಪ್ರಶಸ್ತಿಗೆ ದುಡ್ಡಿಲ್ಲ, ರೈಲಿನಲ್ಲಿ ರಿಯಾಯಿತಿ ಇಲ್ಲ. ಇರುವುದು ಮರ್ಯಾದೆ ಒಂದೇ. ಅದು ಕೆಟ್ಟರೆ ತುಳಸಜ್ಜಿಯ ಮನೆಯ ಗೋಡೆಗೆ ನೇತುಹಾಕಿದ ಸನ್ನದಿಗೂ ಬೆಲೆ ಇರುವುದಿಲ್ಲ.

ರಾಜಕಾರಣಿ ಗೌರವಕ್ಕೆ ಯೋಗ್ಯನೇ ಅಲ್ಲ ಎಂಬ ಮಾತು ಈಗ ಚಹಾದಂಗಡಿಯಲ್ಲೂ ಕೇಳುತ್ತದೆ. ನಾನು ಒಪ್ಪುವುದಿಲ್ಲ. ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮ ಅಪ್ಪ ಗೇಣಿದಾರ. ಬೆಳೆದ ಭತ್ತದಲ್ಲಿ ಮೊದಲು ಒಡೆಯರ ಪಾಲು ಅಳೆದು ಕೊಟ್ಟು, ಉಳಿದದ್ದರಲ್ಲಿ ನಾವು ಏಳು ಜನ ಉಣ್ಣಬೇಕಿತ್ತು. 1974ರಲ್ಲಿ ದೇವರಾಜ ಅರಸು ಅವರ ಭೂಸುಧಾರಣೆ ಬಂತು. ಅಪ್ಪ ಹೆದರಿಕೊಂಡೇ ಏಳನೇ ನಂಬರ್ ಫಾರಂ ತುಂಬಿ ಡಿಕ್ಲರೇಶನ್ ಕೊಟ್ಟ. ಭೂ ನ್ಯಾಯ ಮಂಡಳಿಯ ಮುಂದೆ ನಿಂತ. ಗದ್ದೆ ನಮ್ಮದಾಯಿತು. ಆ ಆರ್ಡರಿನ ಕಾಗದವನ್ನು ಅಮ್ಮ ತಗಡಿನ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು. ವರ್ಷಕ್ಕೊಮ್ಮೆ ಹೊಸ್ತಿನ ದಿನ ತೆಗೆದು ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಅದರ ಮಡಿಕೆಗಳು ಹರಿದು ಈಗ ನಾಲ್ಕು ತುಂಡಾಗಿದೆ. ಒಂದು ಮೂಲೆಯಲ್ಲಿ ಕುಂಕುಮದ ಗುರುತು ಇನ್ನೂ ಇದೆ. ಪೇಪರಿನಿಂದ ಕತ್ತರಿಸಿದ ಅರಸು ಅವರ ಫೋಟೋ ದೇವರ ಗೂಡಿನ ಪಕ್ಕ ಬಹಳ ವರ್ಷ ಇತ್ತು. ನಮ್ಮ ತಾಲ್ಲೂಕಿನ ದಿನಕರ ದೇಸಾಯಿಯವರು ಗೇಣಿದಾರರ ಪರ ನಿಂತು ಜಿಲ್ಲೆಯಿಂದಲೇ ಗಡೀಪಾರಾದವರು. ಮುಂದೆ ಎಂ.ಪಿ.ಯೂ ಆದರು. ಅವರು ಕಟ್ಟಿದ ಶಾಲೆಗಳಲ್ಲಿ ಓದಿದವರು ಇವತ್ತಿಗೂ ಅವರ ಹೆಸರು ಹೇಳಿ ಕೈಮುಗಿಯುತ್ತಾರೆ. ರಾಜಕಾರಣದಿಂದ ಇಷ್ಟು ದೊಡ್ಡ ಕೆಲಸ ಆಗುತ್ತದೆ ಎಂದು ಕಣ್ಣಾರೆ ಕಂಡವನು ನಾನು. ಅದಕ್ಕೇ ರಾಜಕಾರಣಿಗೆ ಸಲ್ಲುವ ಗೌರವ ಅನುಮಾನ ಇಲ್ಲದ್ದಾಗಿರಬೇಕು ಎಂದು ಕೇಳುತ್ತಿದ್ದೇನೆ.

ಅದಕ್ಕೆ ಒಂದು ದಾರಿ ನಮ್ಮ ರಾಜ್ಯದಲ್ಲೇ ಕಂಡಿದ್ದೇವೆ. ಎಸ್. ನಿಜಲಿಂಗಪ್ಪ ಅವರಿಗೆ ಕರ್ನಾಟಕ ರತ್ನ ಕೊಟ್ಟದ್ದು 1999ರಲ್ಲಿ. ಅವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು 1968ರಲ್ಲಿ. ನಡುವೆ 31 ವರ್ಷ! ಅವರಿಂದ ಯಾರಿಗೂ ಒಂದು ಓಟಿನ ಲಾಭವಿಲ್ಲ, ಒಂದು ಸೀಟಿನ ಲಾಭವಿಲ್ಲ. ಆ ಗೌರವ ಏಕೀಕರಣಕ್ಕೆ ದುಡಿದದ್ದಕ್ಕೆ ಎಂದು ಎಲ್ಲರಿಗೂ ಸುಲಭವಾಗಿ ಅರ್ಥವಾಯಿತು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಸಂಸದರು, ಶಾಸಕರು, ಮಂತ್ರಿಗಳು, ರಾಜ್ಯಪಾಲರು, ಪಕ್ಷದ ಪದಾಧಿಕಾರಿಗಳು ಅಧಿಕಾರದಲ್ಲಿ ಇರುವಷ್ಟು ದಿನ ಪದ್ಮಕ್ಕೂ ಭಾರತ ರತ್ನಕ್ಕೂ ಅರ್ಹರಲ್ಲ ಎಂದು ನಿಯಮ ಮಾಡಿ. ನರ್ಸಮ್ಮನಿಗೆ ಇರುವ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಸಾಕು. ಅಧಿಕಾರ ಬಿಟ್ಟ ಮೇಲೆ ಹತ್ತು ವರ್ಷ ಕಾಯಲಿ. ನೌಕರನಿಗೆ ನಿವೃತ್ತಿಯ ದಿನ ಗೊತ್ತಿರುತ್ತದೆ, ರಾಜಕಾರಣಿಗೆ ಅಂಥ ದಿನವೇ ಇಲ್ಲ. ಹಾಗಾಗಿ ಹತ್ತು ಜಾಸ್ತಿಯಲ್ಲ. ತೀರಿಕೊಂಡವರಿಗೂ ಅಷ್ಟೇ ಅಂತರ ಇರಲಿ. ಅನುಕಂಪದ ಅಲೆ ಇಳಿದ ಮೇಲೂ ಅವರ ಕೆಲಸ ನಿಂತಿದ್ದರೆ ಗೌರವ ತಾನಾಗಿ ಬರುತ್ತದೆ. ಅಂಬೇಡ್ಕರ್ ಅವರಿಗೆ 34 ವರ್ಷ, ಪಟೇಲರಿಗೆ 41 ವರ್ಷ ತಡವಾಯಿತು. ಅಷ್ಟು ತಡ ಆಗಬಾರದಿತ್ತು, ನಿಜ. ಆದರೂ ಅವರ ಹೆಸರಿನ ಒಂದು ಅಕ್ಷರವೂ ಮಾಸಲಿಲ್ಲ. ಭಾರತ ರತ್ನಕ್ಕೂ ಒಂದು ಸಮಿತಿ ಮಾಡಿ, ಯಾಕೆ ಆರಿಸಿದೆವು ಎಂದು ಅದು ಒಂದು ಪುಟ ಬರೆದು ಜನರ ಮುಂದೆ ಇಡಲಿ. ನಾನೊಬ್ಬ ನಿವೃತ್ತ ಮಾಸ್ತರ್, ನರ್ಸಮ್ಮನಿಗಾಗಿ 800 ಪದ ಬರೆದೆ. ದೇಶದ ಅತಿ ದೊಡ್ಡ ಗೌರವಕ್ಕೂ ಅಷ್ಟು ಬರವಣಿಗೆ ಇರಬೇಕು, ಅಲ್ವಾ?

ಮತ್ತೆ, ಡಾಕ್ಟರಿಗೆ ಇರುವ ವಿನಾಯಿತಿಯನ್ನು ನರ್ಸುಗಳಿಗೂ ಕೊಡಬಹುದಾ ಎಂದು ದಯವಿಟ್ಟು ಯೋಚಿಸಿ. ಕೋವಿಡ್ ಕಾಲದಲ್ಲಿ ಲಸಿಕೆ ಹಿಡಿದು ನಮ್ಮ ಮಜರೆಗಳಿಗೆ ಬಂದವರು ಅವರೇ.

ನಮ್ಮ ಸಿಸ್ಟರ್ ನಿವೃತ್ತಿಯಾಗುವುದು 2029ರ ಮೇ 31ಕ್ಕೆ. ನನಗೆ ಆರೋಗ್ಯ ಇದ್ದರೆ ಆ ವರ್ಷವೇ ಅರ್ಜಿ ಹಾಕುತ್ತೇನೆ. ಬರೆದ ಹಾಳೆ ಅಮ್ಮನ ಟ್ರಂಕಿನಲ್ಲಿ, ಆ ಆರ್ಡರಿನ ಜೊತೆಗೇ ಇಟ್ಟಿದ್ದೇನೆ. ಸಂಕಕ್ಕೆ ಸಿಮೆಂಟು ಹಾಕಿಸುವ ಅರ್ಜಿಯನ್ನು ಪಂಚಾಯ್ತಿಗೆ ಬೇರೆಯಾಗಿ ಕೊಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಅಂಕೋಲಾ ತಾಲ್ಲೂಕಿನ ಒಬ್ಬ ನಿವೃತ್ತ ಮಾಸ್ತರ್